ಹಳೆಯ ಚೆರೋಕಿಗೆ ಎಷ್ಟು ಇಂಚು ಲಿಫ್ಟ್, ಯಾವ ಟೈರ್?

ಕಲ್ಲುದಾರಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನನ್ನದು 1998ರ ಜೀಪ್ ಚೆರೋಕಿ, ಎಕ್ಸ್‌ಜೆ ಎಂಬ ಮಾದರಿ. 4.0 ಲೀಟರ್ ಎಂಜಿನ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಆ್ಯಕ್ಸಲ್ ಅನುಪಾತ 3.55 (ಚಕ್ರದ ಒಂದು ಸುತ್ತಿಗೆ ಆ್ಯಕ್ಸಲಿಗೆ ಶಕ್ತಿ ತರುವ ಶಾಫ್ಟಿನ ಸುತ್ತುಗಳು), ಹಿಂದೆ ಕ್ರೈಸ್ಲರ್ 8.25 ಆ್ಯಕ್ಸಲ್. ಅಪ್ಪ ಹನ್ನೆರಡು ವರ್ಷ ಓಡಿಸಿ, ಕಣ್ಣು ಮಂಜಾದ ಮೇಲೆ ಕೀಲಿಕೈಯನ್ನು ನನಗೆ ಕೊಟ್ಟರು. ಎಂಜಿನ್ ಈಗಲೂ ಒಂದೇ ತಿರುವಿಗೆ ಎದ್ದೇಳುತ್ತದೆ. ಆದರೆ ಗಾಡಿಯ ಹಿಂಭಾಗ ಕುಸಿದಿದೆ. ಸಾಮಾನು ತುಂಬಿ ಹಳ್ಳ ದಾಟಿದರೆ ಆ್ಯಕ್ಸಲ್ ಮೇಲಿನ ರಬ್ಬರಿಗೆ ಧಡ್ ಎಂದು ಬಡಿಯುತ್ತದೆ. ಈಗಿರುವುದು 225/75 ಆರ್15 ಅಳತೆಯ ರಸ್ತೆ ಟೈರ್. ನೆಲ ಹಿಡಿಯುವ ರಬ್ಬರ್ ಗುಬ್ಬಿಗಳು ಸವೆದು ಹೋಗಿವೆ.

ವಾರವೆಲ್ಲ ಡಾಂಬರು ರಸ್ತೆಯಲ್ಲಿ ಓಡಾಟ, ತಿಂಗಳಿಗೆ ಎರಡು ಬಾರಿ ಕಾಡುದಾರಿ: ಉರುಟು ಕಲ್ಲು, ಕೆಸರು, ಒಂದೆರಡು ತೊರೆ. ಕಳೆದ ತಿಂಗಳು ಎರಡು ಚಕ್ರದ ಜಾಡುಗಳ ನಡುವಿನ ದಿಬ್ಬದ ಮೇಲೆ ಹಿಂದಿನ ಡಿಫರೆನ್ಷಿಯಲ್, ಅಂದರೆ ಆ್ಯಕ್ಸಲಿನ ನಡುವಿನ ಗೇರಿನ ಉಬ್ಬು, ಕುಳಿತುಬಿಟ್ಟಿತು. ಗುದ್ದಲಿಯಿಂದ ಮಣ್ಣು ಕೆರೆದು ಹೊರಬರಲು ಎರಡು ಗಂಟೆ ಬೇಕಾಯಿತು. ಅಂದಿನಿಂದ ಆರು ಇಂಚು ಲಿಫ್ಟ್ ಮಾಡಿಸಿ (ಗಾಡಿಯ ಮೈಯನ್ನು ಅಷ್ಟು ಎತ್ತರಿಸಿ) 33 ಇಂಚಿನ ಟೈರ್ ಹಾಕಿಸಬೇಕೆಂದು ಮನಸ್ಸು ಎಳೆಯುತ್ತಿದೆ. ಮುಂದಿನ ಕಾಯಿಲ್ ಸ್ಪ್ರಿಂಗ್ ಮೇಲೆ ಸ್ಪೇಸರ್, ಹಿಂದಿನ ಪಟ್ಟಿ ಸ್ಪ್ರಿಂಗ್ ಕೆಳಗೆ ಬ್ಲಾಕ್ ಇಟ್ಟರೆ ಸುಲಭವಾಗಿ ಆಗುತ್ತದೆ ಎಂದು ಒಬ್ಬರು ಹೇಳಿದರು. ಅಪ್ಪನ ಗಾಡಿ, ಹಾಳು ಮಾಡಿಕೊಳ್ಳಲು ಇಷ್ಟವಿಲ್ಲ. ಅನುಭವ ಇರುವವರು ದಾರಿ ತೋರಿಸಿ.

ಪಟ್ಟಿಸ್ಪ್ರಿಂಗ್ ಬರೆದದ್ದು:

ಕಲ್ಲುದಾರಿಯವರೇ, ಹತ್ತೊಂಬತ್ತು ವರ್ಷಗಳಿಂದ ಇದೇ ಮಾದರಿಯ ಗಾಡಿ ಇಟ್ಟುಕೊಂಡವನು ನಾನು. ದಯವಿಟ್ಟು ಆರು ಇಂಚಿನ ಕಿಟ್ ತರಿಸುವ ಮೊದಲು ಇದನ್ನು ಓದಿ.

ನೀವು ಸಿಕ್ಕಿಬಿದ್ದದ್ದು ಡಿಫರೆನ್ಷಿಯಲ್ ತಗುಲಿ. ಲಿಫ್ಟ್ ಅದನ್ನು ಕೂದಲೆಳೆಯಷ್ಟೂ ಮೇಲೆತ್ತುವುದಿಲ್ಲ. ಆ್ಯಕ್ಸಲ್ ಚಕ್ರಗಳ ನಡುವೆ ಕುಳಿತಿರುತ್ತದೆ, ಸ್ಪ್ರಿಂಗ್ ಅದರ ಮೇಲೆ. ಸ್ಪ್ರಿಂಗ್ ಎಷ್ಟು ಎತ್ತರವಾದರೂ ಏರುವುದು ಗಾಡಿಯ ಮೈ ಮಾತ್ರ. ಡಿಫರೆನ್ಷಿಯಲನ್ನು ನೆಲದಿಂದ ದೂರ ಮಾಡುವುದು ಟೈರ್ ಒಂದೇ, ಅದೂ ವ್ಯಾಸ ಹೆಚ್ಚಿದ್ದರಲ್ಲಿ ಅರ್ಧದಷ್ಟು. ನಿಮ್ಮ ಈಗಿನ ಟೈರಿನ ವ್ಯಾಸ ಸುಮಾರು 718 ಮಿ.ಮೀ. 31 ಇಂಚಿನದು 787. ವ್ಯತ್ಯಾಸ 69, ಅಂದರೆ ಡಿಫರೆನ್ಷಿಯಲ್ ಏರುವುದು 34 ಮಿ.ಮೀ. 33 ಇಂಚಿಗೆ ಹೋದರೆ ಏರಿಕೆ 60 ಮಿ.ಮೀ. ಹಾಗಾಗಿ 31ಕ್ಕೂ 33ಕ್ಕೂ ನಡುವೆ ನಿಮಗೆ ಸಿಗುವುದು 26 ಮಿ.ಮೀ., ಹೆಬ್ಬೆರಳಿನ ಅಗಲ.

ಆ ಹೆಬ್ಬೆರಳಿಗೆ ಏನೇನು ತೆರಬೇಕು ನೋಡಿ. ಆರು ಇಂಚಿಗೆ, ಮುಂದಿನ ಆ್ಯಕ್ಸಲನ್ನು ಮೈಗೆ ಹಿಡಿದಿಡುವ ಕಂಟ್ರೋಲ್ ಆರ್ಮ್‌ಗಳು ತೀರಾ ಇಳಿಜಾರಾಗುತ್ತವೆ. ಉದ್ದದ ಆರ್ಮ್ ಬೇಕು. ಶಕ್ತಿಯನ್ನು ಮುಂದಿನ, ಹಿಂದಿನ ಆ್ಯಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕಡಿದಾಗುತ್ತದೆ. ಶಾಫ್ಟಿನ ಜಾರುವ ತುದಿಯಾದ ಸ್ಲಿಪ್ ಯೋಕ್ ತೆಗೆದು ಬೇರೆ ಔಟ್‌ಪುಟ್ ಶಾಫ್ಟ್, ಜೋಡಿ ಕಾರ್ಡನ್ (ಒಂದೇ ತುದಿಯಲ್ಲಿ ಎರಡು ಜಾಯಿಂಟ್) ಇರುವ ಹೊಸ ಪ್ರೊಪೆಲ್ಲರ್ ಶಾಫ್ಟ್ ಹಾಕಿಸಬೇಕು. 33 ಇಂಚಿನ ಚಕ್ರವನ್ನು 3.55ರ ಗೇರು ತಿರುಗಿಸುವಾಗ ಏರಿನಲ್ಲಿ ಗಾಡಿ ಏದುಸಿರು ಬಿಡುತ್ತದೆ; ಎರಡೂ ಆ್ಯಕ್ಸಲ್‌ಗಳಿಗೆ 4.10 ಅಥವಾ 4.56ರ ಗೇರು ಬೇಕು. ಫೆಂಡರ್ ಕತ್ತರಿಸಬೇಕು. ಇದನ್ನೆಲ್ಲ ಮಾಡಿ ಸಂತೋಷವಾಗಿ ಓಡಿಸುವವರಿದ್ದಾರೆ. ಅದು ಬಂಡೆ ಹತ್ತಲೆಂದೇ ಮೀಸಲಿಟ್ಟ ಗಾಡಿಗೆ ಸರಿ. ವಾರವೆಲ್ಲ ಕೆಲಸಕ್ಕೆ ಹೋಗುವ ಗಾಡಿಗೆ 31 ಇಂಚಿನ ಟೈರ್, ಅದಕ್ಕೆ ಬೇಕಾದ ಮೂರು ಇಂಚು ಲಿಫ್ಟ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಟೈರ್ ಮೊದಲು ನಿರ್ಧರಿಸಿ. ಅದು ಫೆಂಡರಿಗೆ ತಗುಲದಂತೆ ಎಷ್ಟು ಎತ್ತರ ಬೇಕೋ ಅಷ್ಟೇ ಎತ್ತಿ.

ಈಗ ಕುಸಿದ ಹಿಂಭಾಗ. ನಿಮ್ಮ ಪಟ್ಟಿಗಳು ದಣಿದಿವೆ. ದಣಿದ ಪಟ್ಟಿಯ ಕೆಳಗೆ ಬ್ಲಾಕ್ ಇಡುವುದನ್ನು ನಾನು ಒಪ್ಪುವುದಿಲ್ಲ. ಎಕ್ಸಲರೇಟರ್ ಒತ್ತಿದಾಗ ಆ್ಯಕ್ಸಲ್ ಹಿಂದಕ್ಕೆ ತಿರುಚಿಕೊಳ್ಳಲು ನೋಡುತ್ತದೆ. ಬ್ಲಾಕ್ ಎತ್ತರವಾದಷ್ಟೂ ಆ ತಿರುಚುವಿಕೆಗೆ ಹೆಚ್ಚು ಉದ್ದದ ಸನ್ನೆಕೋಲು ಸಿಕ್ಕಂತೆ. ಪಟ್ಟಿ ಎಸ್ ಆಕಾರಕ್ಕೆ ಬಾಗಿ ಚಕ್ರ ಕುಪ್ಪಳಿಸುತ್ತದೆ. ಹಳೆಯ ಪಟ್ಟಿಗಳ ಕಟ್ಟಿಗೆ ಒಂದು ಹೆಚ್ಚುವರಿ ಪಟ್ಟಿ ಸೇರಿಸುವ ಉಪಾಯವೂ ಇದೆ. ಉದ್ದನೆಯ ಪಟ್ಟಿಯಾದರೆ ಒಂದೆರಡು ವರ್ಷಕ್ಕೆ ಪರವಾಗಿಲ್ಲ, ಮೋಟು ಪಟ್ಟಿಯಾದರೆ ಬೆನ್ನು ಮುರಿಯುವಷ್ಟು ಬಿಗಿ. ನಿಮ್ಮ ಗಾಡಿಗೆ ಹೊಸ ಪಟ್ಟಿಗಳ ಪೂರ್ತಿ ಕಟ್ಟನ್ನೇ ಹಾಕಿಸಿ. ಒಂದು ಎಚ್ಚರಿಕೆ: ಈಗಿನ ಕುಸಿದ ಎತ್ತರಕ್ಕೆ ಮೂರು ಇಂಚು ಸೇರಿಸಬೇಡಿ, ಕಾರ್ಖಾನೆಯಿಂದ ಬಂದಾಗಿನ ಎತ್ತರದಿಂದ ಎಣಿಸಿ.

ಮುಂದೆ ಹೊಸ ಕಾಯಿಲ್, ಸರಿಯಾದ ಉದ್ದದ ಶಾಕ್ ಅಬ್ಸಾರ್ಬರ್ ಎಲ್ಲರೂ ಹಾಕಿಸುತ್ತಾರೆ. ಟ್ರ್ಯಾಕ್ ಬಾರನ್ನು ಮರೆಯುತ್ತಾರೆ. ಅದರ ಒಂದು ತುದಿ ಗಾಡಿಯ ಮೈಗೆ, ಇನ್ನೊಂದು ಆ್ಯಕ್ಸಲಿಗೆ. ಮೈ ಮೇಲೇರಿದಾಗ ಆ ಸರಳು ಹೆಚ್ಚು ಓರೆಯಾಗಿ, ಆ್ಯಕ್ಸಲನ್ನೇ ಮೈಗೆ ಕಟ್ಟಿದ ಬದಿಗೆ ಎಳೆದುಕೊಳ್ಳುತ್ತದೆ. ಉದ್ದ ಹೊಂದಿಸಬಹುದಾದ ಟ್ರ್ಯಾಕ್ ಬಾರ್ ಹಾಕಿಸಿ ಆ್ಯಕ್ಸಲನ್ನು ನಡುವಿಗೆ ತನ್ನಿ.

ನಾನು ಮೊದಲ ಸಲ ಲಿಫ್ಟ್ ಮಾಡಿಸಿದಾಗ ಇದನ್ನು ಅಲಕ್ಷಿಸಿದ್ದೆ. ಗಂಟೆಗೆ 70 ಕಿ.ಮೀ. ವೇಗದಲ್ಲಿ ಸೇತುವೆಯ ಸಂದು ದಾಟಿದ ಕೂಡಲೇ ಸ್ಟೀರಿಂಗ್ ಚಕ್ರ ಕೈಯಿಂದ ಕಿತ್ತುಕೊಳ್ಳುವಂತೆ ನಡುಗಿತು. ಗಾಡಿ ಪೂರ್ತಿ ನಿಲ್ಲುವವರೆಗೂ ನಡುಕ ನಿಲ್ಲಲಿಲ್ಲ. ಪಕ್ಕದಲ್ಲಿ ಮಗಳಿದ್ದಳು, ಆ ದಿನ ಅವಳ ಮುಖ ನೋಡಿದ್ದು ಇಂದಿಗೂ ನೆನಪಿದೆ. ಮೆಕ್ಯಾನಿಕ್ ನಡುಕ ಹೀರುವ ಸ್ಟೀರಿಂಗ್ ಡ್ಯಾಂಪರ್ ಬದಲಿಸಿದ, ಮೂರು ವಾರ ನಡುಕ ಮರೆಯಾಯಿತು, ಮತ್ತೆ ಬಂತು. ನಿಜವಾದ ಕಾರಣ ಟ್ರ್ಯಾಕ್ ಬಾರಿನ ತುದಿಯ ಸವೆದ ಜಾಯಿಂಟ್. ಅದಕ್ಕೇ ಹೇಳುತ್ತಿದ್ದೇನೆ, ಲಿಫ್ಟಿಗೆ ಮುಂಚೆಯೇ ಪರೀಕ್ಷೆ ಮಾಡಿ: ಚಕ್ರಗಳು ನೆಲದ ಮೇಲಿರಲಿ, ಎಂಜಿನ್ ಚಾಲೂ ಇರಲಿ, ಒಬ್ಬರು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸಣ್ಣಗೆ ಆಡಿಸಲಿ. ನೀವು ಬಗ್ಗಿ ಪ್ರತಿ ಜಾಯಿಂಟ್ ಮೇಲೆ ಬೆರಳಿಟ್ಟು ನೋಡಿ. ಎಲ್ಲಿ ಸಡಿಲ ಇದೆಯೋ ಬೆರಳಿಗೇ ತಿಳಿಯುತ್ತದೆ. ಬಾಲ್ ಜಾಯಿಂಟ್, ಟೈ ರಾಡ್, ಕಂಟ್ರೋಲ್ ಆರ್ಮ್ ಬುಷ್ ಯಾವುದನ್ನೂ ಬಿಡಬೇಡಿ.

ಬ್ರೇಕ್ ಹೋಸಿನ ಬಗ್ಗೆಯೂ ಒಂದು ಮಾತು. ಸ್ಪ್ರಿಂಗ್ ಕೂರಿಸಿದ ಮೇಲೆ ಗಾಡಿಯ ಮೈಯನ್ನು ಜಾಕ್ ಮೇಲೆ ಎತ್ತಿ ಚಕ್ರಗಳನ್ನು ಪೂರ್ತಿ ಜೋತುಬೀಳಲು ಬಿಡಿ, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ. ಹೋಸ್ ತಂತಿಯಂತೆ ಬಿಗಿಯಾದರೆ ಉದ್ದದ್ದು ಹಾಕಿಸದೆ ಗಾಡಿ ಹೊರಗೆ ತೆಗೆಯಬೇಡಿ.

ರಬ್ಬರ್‌ಗುರುತು ಬರೆದದ್ದು:

ಪಟ್ಟಿಸ್ಪ್ರಿಂಗ್ ಅವರ ಮಾತಿಗೆ ನನ್ನದೂ ಸಹಮತ. ಟೈರಿನ ಬಗ್ಗೆ ಮಾತ್ರ ಸೇರಿಸುತ್ತೇನೆ, ಏಕೆಂದರೆ ವ್ಯಾಸ ಗೊತ್ತಾದರೆ ಟೈರ್ ಆಯ್ಕೆ ಮುಗಿಯಿತೆಂದು ಬಹಳ ಜನ ತಿಳಿಯುತ್ತಾರೆ.

ನಿಮ್ಮ ಓಟ ಹೆಚ್ಚಿನ ಪಾಲು ಡಾಂಬರಿನ ಮೇಲೆ. ಮಡ್ ಟೆರೇನ್ ಟೈರಿನ ದೊಡ್ಡ ಗುಬ್ಬಿ, ಅಗಲ ಸಂದು ಕೆಸರನ್ನು ಉಗುಳಲು ಚೆನ್ನ. ಆದರೆ ಒದ್ದೆ ಡಾಂಬರಿನಲ್ಲಿ ಹಿಡಿತ ಕೊಡುವುದು ಗುಬ್ಬಿಗಳ ಮೇಲಿನ ಸಣ್ಣ ಸೀಳುಗಳು, ಅವು ಅದರಲ್ಲಿ ಕಡಿಮೆ. ಮಳೆಯಲ್ಲಿ ಬ್ರೇಕ್ ಒತ್ತಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ನಿಮಗೆ ಆಲ್ ಟೆರೇನ್ ಸಾಕು.

ಟೈರಿನ ಪಕ್ಕದ ಗೋಡೆಯ ಮೇಲೆ ಲೋಡ್ ರೇಂಜ್, ಅಂದರೆ ಅದು ಹೊರಬಲ್ಲ ಭಾರದ ದರ್ಜೆ, ಬರೆದಿರುತ್ತದೆ. ಅದು ಇ ಇದ್ದರೆ ಗಟ್ಟಿಮುಟ್ಟು ಎಂದು ಅಂಗಡಿಯವರು ಅದನ್ನೇ ಕೊಡಲು ನೋಡುತ್ತಾರೆ. ಅದು ಭಾರಿ ಪಿಕಪ್‌ಗಳಿಗೆ ಮಾಡಿದ್ದು. ಚೆರೋಕಿ ಹಗುರವಾದ ಗಾಡಿ; ಇ ಟೈರಿನ ಗೋಡೆ ಅದರ ಭಾರಕ್ಕೆ ಬಾಗುವುದೇ ಇಲ್ಲ, ಪ್ರತಿ ಕಲ್ಲೂ ಸೊಂಟಕ್ಕೆ ಬರುತ್ತದೆ. ಸಿ ಸಿಕ್ಕರೆ ಸಿ ತೆಗೆದುಕೊಳ್ಳಿ.

ಅಗಲದ ವಿಷಯದಲ್ಲಿ ನನ್ನ ಆಯ್ಕೆ ಬೇರೆ. 31×10.5 (ವ್ಯಾಸ, ಅಗಲ ಇಂಚಿನಲ್ಲಿ) ಎಲ್ಲರೂ ಹಾಕುತ್ತಾರೆ. ಆದರೆ ಗಾಡಿಯ ಮೂಲ ರಿಮ್ 7 ಇಂಚು ಅಗಲ, ಒಳಕ್ಕೆ ಹೆಚ್ಚು ಕುಳಿತಿರುತ್ತದೆ. ಸ್ಟೀರಿಂಗ್ ಕೊನೆಯವರೆಗೆ ತಿರುಗಿಸಿದಾಗ ಟೈರ್ ಕೆಳಗಿನ ಕಂಟ್ರೋಲ್ ಆರ್ಮಿಗೆ ಉಜ್ಜುತ್ತದೆ. ಸ್ಟೀರಿಂಗ್ ತಡೆಯುವ ಬೋಲ್ಟಿನ ಕೆಳಗೆ ಒಂದೆರಡು ವಾಷರ್ ಹಾಕಿದರೆ ಉಜ್ಜುವುದು ನಿಲ್ಲುತ್ತದೆ, ಬದಲಿಗೆ ತಿರುವಿನ ಸುತ್ತು ಸ್ವಲ್ಪ ದೊಡ್ಡದಾಗುತ್ತದೆ. 30×9.5 ಆ ರಿಮ್ಮಿಗೆ ಒಗ್ಗುತ್ತದೆ, ವ್ಯಾಸ 762 ಮಿ.ಮೀ., ಡಿಫರೆನ್ಷಿಯಲ್ 22 ಮಿ.ಮೀ. ಏರುತ್ತದೆ, ಎರಡು ಇಂಚು ಲಿಫ್ಟಿನಲ್ಲಿ ನೆಮ್ಮದಿಯಾಗಿ ಕೂರುತ್ತದೆ. ನಾನಾಗಿದ್ದರೆ ಇದನ್ನೇ ಹಾಕುತ್ತಿದ್ದೆ.

ಗೋಡೆಯ ಮೇಲೆ ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ನೋಡದೆ ಟೈರ್ ಕೊಳ್ಳಬೇಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗುಬ್ಬಿ ಹೊಸದಾಗಿ ಕಂಡರೂ ರಬ್ಬರಿಗೆ ವಯಸ್ಸಾಗಿರುತ್ತದೆ. ನಾಲ್ಕಲ್ಲ, ಐದು ಕೊಳ್ಳಿ. ಕಾಡಿನಲ್ಲಿ ಒಂದು ಟೈರ್ ಹರಿದಾಗ ಚಿಕ್ಕ ಸ್ಟೆಪ್ನಿ ಹಾಕಿ ನಾಲ್ಕು ಚಕ್ರಕ್ಕೂ ಶಕ್ತಿ ಕೊಟ್ಟರೆ ಟ್ರಾನ್ಸ್‌ಫರ್ ಕೇಸ್ ಮತ್ತು ಆ್ಯಕ್ಸಲ್‌ಗಳು ಒಂದಕ್ಕೊಂದು ಸೆಣಸುತ್ತವೆ.

ಕಲ್ಲುದಾರಿಗೆ ಇಳಿದಾಗ ಗಾಳಿಯನ್ನು 18ರಿಂದ 20 ಪಿಎಸ್‌ಐಗೆ ಇಳಿಸಿ. ಟೈರ್ ಕಲ್ಲನ್ನು ಅಪ್ಪಿಕೊಂಡು ನಡೆಯುತ್ತದೆ. ಡಾಂಬರಿಗೆ ಬಂದ ಕೂಡಲೇ ತುಂಬಿಸಬೇಕು, ಹಾಗಾಗಿ ಗಾಳಿ ತುಂಬುವ ಚಿಕ್ಕ ಪಂಪ್ ಗಾಡಿಯಲ್ಲೇ ಇರಲಿ.

ಸ್ಪೀಡೋಮೀಟರ್ ಕಡಿಮೆ ತೋರಿಸುವುದನ್ನೂ ನೆನಪಿಡಿ. 31 ಇಂಚು ಹಾಕಿದರೆ ಮುಳ್ಳು 100 ತೋರಿಸುವಾಗ ನೀವು 109ರ ಹತ್ತಿರ ಇರುತ್ತೀರಿ. ಟ್ರಾನ್ಸ್‌ಫರ್ ಕೇಸಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಗೇರನ್ನು ಹಲ್ಲಿನ ಲೆಕ್ಕ ನೋಡಿ ಬದಲಿಸಿದರೆ ಸರಿಹೋಗುತ್ತದೆ.

ಸುತ್ತಿಗೆಪಾನಾ ಬರೆದದ್ದು:

ಈ ಗಾಡಿಗೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ತುಕ್ಕು ಹಿಡಿದ ಮೈಗೆ ಹೊಸ ಸ್ಪ್ರಿಂಗ್ ಬಿಗಿದರೆ ಪ್ರಯೋಜನವಿಲ್ಲ. ಸ್ಟೀರಿಂಗ್ ಬಾಕ್ಸ್ ಬಿಗಿದಿರುವ ಜಾಗದಲ್ಲಿ ಬಿರುಕು ಇದೆಯೇ, ಹಿಂದಿನ ಪಟ್ಟಿ ಸ್ಪ್ರಿಂಗಿನ ಮುಂಬದಿಯ ಕಣ್ಣು ಸೇರುವಲ್ಲಿ ತಗಡು ಪುಡಿಯಾಗುತ್ತಿದೆಯೇ, ತಂತಿಬ್ರಷ್‌ನಿಂದ ಉಜ್ಜಿ ನೋಡಿ.

ಹಿಂದಿನ ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟುಗಳು ಈ ವಯಸ್ಸಿನ ಗಾಡಿಯಲ್ಲಿ ಮುರಿಯುವ ಸಂಭವ ಬಹಳ. ನಟ್ ಮೈಯ ಒಳಗೆ ವೆಲ್ಡ್ ಆಗಿರುತ್ತದೆ, ಕೈ ಹೋಗುವುದಿಲ್ಲ. ಪಟ್ಟಿಯ ಮುಂಬದಿ ಕಣ್ಣಿನ ಬೋಲ್ಟಿನ ಕಥೆಯೂ ಅದೇ. ಕೆಲಸಕ್ಕೆ ಒಂದು ವಾರ ಮೊದಲಿನಿಂದ ದಿನಾ ಸಂಜೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ. ಬಲ ಹಾಕಿ ಒಮ್ಮೆಲೇ ತಿರುಗಿಸಬೇಡಿ. ಸ್ವಲ್ಪ ಸಡಿಲಿಸಿ, ಮತ್ತೆ ಬಿಗಿದು, ಮತ್ತೆ ಸಡಿಲಿಸಿ.

ಕಲ್ಲುದಾರಿ ಬರೆದದ್ದು:

ಇಷ್ಟು ಅಕ್ಕರೆಯಿಂದ ಬರೆದದ್ದಕ್ಕೆ ಮೂವರಿಗೂ ಕೃತಜ್ಞತೆಗಳು. ಭಾನುವಾರ ಪೂರ್ತಿ ಗಾಡಿಯ ಕೆಳಗೇ ಇದ್ದೆ. ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಅಳೆದರೆ ಹಿಂದೆ ಎಡಭಾಗ ಬಲಕ್ಕಿಂತ 20 ಮಿ.ಮೀ. ಕೆಳಗಿದೆ. ಪಟ್ಟಿಗಳು ಬಾಗಿಲ್ಲ, ಹಲಗೆಯಂತೆ ಚಪ್ಪಟೆಯಾಗಿವೆ. ಅಪ್ಪ ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲೇ ಕುಳಿತಿದ್ದರು; ಬೆರಳಿಟ್ಟು ನೋಡುವ ಪರೀಕ್ಷೆಯಲ್ಲಿ ಸ್ಟೀರಿಂಗ್ ಆಡಿಸಿದವರು ಅವರೇ. ಟ್ರ್ಯಾಕ್ ಬಾರಿನ ಮೈ ಕಡೆಯ ತುದಿ ಸ್ಪಷ್ಟವಾಗಿ ಕುಲುಕುತ್ತಿದೆ. ತುಕ್ಕು ಮೇಲ್ಮೈಯಲ್ಲಿ ಮಾತ್ರ, ಬಿರುಕು ಕಾಣಲಿಲ್ಲ.

ಆರು ಇಂಚಿನ ಆಸೆ ಬಿಟ್ಟೆ. ಎರಡು ಇಂಚಿನ ಹೊಸ ಪಟ್ಟಿ ಕಟ್ಟು, ಮುಂದೆ ಎರಡು ಇಂಚಿನ ಕಾಯಿಲ್, ಹೊಂದಿಸುವ ಟ್ರ್ಯಾಕ್ ಬಾರ್, ಐದು 30×9.5 ಆಲ್ ಟೆರೇನ್. ಪ್ರೊಪೆಲ್ಲರ್ ಶಾಫ್ಟ್ ನಡುಗಬಹುದೇ ಎಂಬುದೊಂದೇ ಚಿಂತೆ.

ಪಟ್ಟಿಸ್ಪ್ರಿಂಗ್ ಬರೆದದ್ದು:

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಎರಡು ಇಂಚಿಗೆ ನಡುಕ ಬರುವುದು ಅಪರೂಪ. ಬಂದರೆ ಮೊದಲು ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟುಗಳು ಸವೆದಿವೆಯೇ ನೋಡಿ. ಅವು ಸರಿಯಿದ್ದರೆ ಟ್ರಾನ್ಸ್‌ಫರ್ ಕೇಸ್ ಔಟ್‌ಪುಟ್ ಮತ್ತು ಡಿಫರೆನ್ಷಿಯಲ್ ಪಿನಿಯನ್ (ಶಾಫ್ಟ್ ಸೇರುವ ಗೇರು) ಒಂದಕ್ಕೊಂದು ಸಮಾನಾಂತರವಾಗಿವೆಯೇ ಕೋನಮಾಪಕ ಇಟ್ಟು ಅಳೆಯಿರಿ. ಎರಡು ಜಾಯಿಂಟಿನ ಸಾಧಾರಣ ಶಾಫ್ಟಿಗೆ ಅದು ಮುಖ್ಯ. ವ್ಯತ್ಯಾಸ ಇದ್ದರೆ ಪಟ್ಟಿ ಮತ್ತು ಆ್ಯಕ್ಸಲ್ ನಡುವೆ ಬೆಣೆಯಾಕಾರದ ತೆಳು ತುಂಡು ಇಟ್ಟು ಸರಿಪಡಿಸಬಹುದು.

ಪಟ್ಟಿ ಕೂರಿಸುವಾಗ ಕಣ್ಣಿನ ಬೋಲ್ಟುಗಳನ್ನು ಗಾಡಿ ಜಾಕ್ ಮೇಲಿರುವಾಗ ಬಿಗಿಯಬೇಡಿ. ಚಕ್ರ ನೆಲಕ್ಕಿಳಿದು ಗಾಡಿಯ ಭಾರ ಪಟ್ಟಿಗಳ ಮೇಲೆ ಕೂತ ಮೇಲೆ ಬಿಗಿಯಿರಿ, ಇಲ್ಲದಿದ್ದರೆ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಪಟ್ಟಿಯನ್ನು ಆ್ಯಕ್ಸಲಿಗೆ ಬಿಗಿಯುವ ಯು ಬೋಲ್ಟ್ ಹೊಸದನ್ನೇ ಹಾಕಿ. ನೂರು ಕಿ.ಮೀ. ಓಡಿಸಿದ ಮೇಲೆ ಯು ಬೋಲ್ಟ್ ಮತ್ತು ಚಕ್ರದ ನಟ್ ಎರಡನ್ನೂ ಟಾರ್ಕ್ ಪಾನಾದಿಂದ ಇನ್ನೊಮ್ಮೆ ಬಿಗಿದು, ನಂತರ ಅಲೈನ್‌ಮೆಂಟಿಗೆ ಕೊಂಡೊಯ್ಯಿರಿ. ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಸ್ಟೀರಿಂಗ್ ಅಕ್ಷದ ವಾಲು) ಎಷ್ಟು ಬಂತೆಂದು ಇಲ್ಲಿ ಬರೆಯಿರಿ. ಎಣ್ಣೆಯನ್ನು ಇಂದು ಸಂಜೆಯಿಂದಲೇ ಸಿಂಪಡಿಸಲು ಶುರುಮಾಡಿ, ಎಡ ಹಿಂಬದಿಯ ಬೋಲ್ಟಿಗೆ ಎರಡು ಸಲ.