ಮೂರು ಚೀಲ ಹಳೆಯ ಬಟ್ಟೆ: ಯಾರಿಗೆ ಕೊಡಲಿ?

ಜಯನಗರದ ಗೃಹಿಣಿ: ಹಬ್ಬಕ್ಕೆಂದು ಬೀರು ಖಾಲಿ ಮಾಡಿದೆ, ಮೂರು ಚೀಲ ತುಂಬಿತು. ಮಕ್ಕಳ ಟೀ ಶರ್ಟು, ಯಜಮಾನರ ಪ್ಯಾಂಟು, ನನ್ನ ಕುರ್ತಾಗಳು. ಹರಿದದ್ದು ಕಡಿಮೆ. ಮನೆಗೆಲಸಕ್ಕೆ ಬರುವವರನ್ನು ಕೇಳಿದರೆ, "ನಮ್ಮ ಮನೆಯಲ್ಲೂ ಇಡಲು ಜಾಗವಿಲ್ಲ ಅಮ್ಮ" ಎಂದು ನಕ್ಕರು. ಕಸದ ಗಾಡಿಗೆ ಹಾಕಲು ಮನಸ್ಸಾಗುತ್ತಿಲ್ಲ.

ಮೈಸೂರು ಮೇಷ್ಟ್ರು: ಗೂಂಜ್ ಸಂಸ್ಥೆಗೆ ಕೊಡಿ. ಊರಿನವರ ಹಳೆಯ ಬಟ್ಟೆ ಸಂಗ್ರಹಿಸಿ ಬೇಕಾದವರಿಗೆ ತಲುಪಿಸುತ್ತಾರೆ, 1999ರಿಂದ ಇದೇ ಕೆಲಸ ಮಾಡುತ್ತಿದ್ದಾರೆ. ಒಗೆದು ಮಡಿಸಿ ಕೊಡಿ, ಅಷ್ಟೇ. ಗುಂಡಿ ಕಿತ್ತ ಅಂಗಿ, ಕೊಳೆಯಾದ ಒಳಉಡುಪು ತುಂಬಿ ದಾನ ಎನ್ನುವವರನ್ನು ಕಂಡು ಬೇಸತ್ತಿದ್ದೇನೆ.

ಧಾರವಾಡದ ಸೊಸೆ: ನಮ್ಮ ಕಡೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ ಅಕ್ಕ. ಹಳೆಯ ಸೀರೆ ಎಂದರೆ ಕೌದಿ, ಅಂದರೆ ಹಾಸಲು ಹೊದೆಯಲು ಪದರ ಸೇರಿಸಿ ಹೊಲಿದ ದಪ್ಪ ಹೊದಿಕೆ. ನನ್ನ ಅತ್ತೆ ನೆಲದ ಮೇಲೆ ಸೀರೆಗಳನ್ನು ಪದರ ಪದರವಾಗಿ ಹಾಸಿ, ಸುಕ್ಕು ಹೋಗುವಂತೆ ಅಂಗೈಯಿಂದ ಸವರಿ, ಅಂಚಿನಿಂದ ಒಳಕ್ಕೆ ಸುತ್ತುತ್ತಾ ದಾರ ಓಡಿಸುತ್ತಿದ್ದರು. ಮೇಲಿನ ಸೀರೆ ಸವೆದರೆ ಅದರ ಮೇಲೆ ಇನ್ನೊಂದು ತುಂಡು. ಹಾಗೆ ಸೇರುತ್ತಾ ಹೋದ ಕೌದಿ ನೀರಿಗೆ ಬಿದ್ದರೆ ಒಬ್ಬರಿಂದ ಎತ್ತಲಾಗದು. ದಸರೆಗೆ ಮುಂಚೆ ಇಬ್ಬರು ನಿಂತು ಹಿಂಡಬೇಕು.

ಗಿರಣಿ ಎಂಜಿನಿಯರ್: ಮೇಡಂ, ಚೆನ್ನಾಗಿದೆ. ಆದರೆ ಆ ಸೀರೆಗಳು ಹತ್ತಿಯವು. ಈ ಮೂರು ಚೀಲದ ಒಳಪಟ್ಟಿಗಳನ್ನು ಓದಿ ನೋಡಿ, ಬಹುಪಾಲು ಪಾಲಿಯೆಸ್ಟರ್ ಬೆರೆತದ್ದೇ ಇರುತ್ತದೆ. ಹತ್ತಿ, ಪಾಲಿಯೆಸ್ಟರ್ ಒಂದೇ ನೂಲಿನಲ್ಲಿ ಹೆಣೆದುಕೊಂಡ ಮೇಲೆ ಅವನ್ನು ಬೇರ್ಪಡಿಸುವುದು ಕಷ್ಟ. ಹರಿಯಾಣದ ಪಾಣಿಪತ್‌ನ ಗಿರಣಿಗಳನ್ನು ನೋಡಿದ್ದೇನೆ. ಹೊರದೇಶಗಳ ಹಳೆಯ ಉಣ್ಣೆಬಟ್ಟೆ ಅಲ್ಲಿಗೆ ಬರುತ್ತದೆ. ಹೆಂಗಸರು ಕೂತು ಜಿಪ್ಪು, ಗುಂಡಿ ಕತ್ತರಿಸಿ ತೆಗೆಯುತ್ತಾರೆ. ಕೆಂಪಿಗೆ ಒಂದು ರಾಶಿ, ನೀಲಿಗೆ ಇನ್ನೊಂದು. ಬಣ್ಣದ ಪ್ರಕಾರ ವಿಂಗಡಿಸುವುದರಿಂದ ಮತ್ತೆ ಬಣ್ಣ ಹಾಕುವ ಖರ್ಚು ಉಳಿಯುತ್ತದೆ. ಆಮೇಲೆ ಹಿಂಜಿ, ನೂತು, ಕಂಬಳಿ. ಹಿಂಜಿದಷ್ಟೂ ಎಳೆ ಗಿಡ್ಡವಾಗುತ್ತದೆ. ಅಂಗಿ ಕಂಬಳಿಯಾದೀತು, ಕಂಬಳಿ ಮತ್ತೆ ಅಂಗಿಯಾಗದು. ಮರುಬಳಕೆಯ ಚಕ್ರ ಎನ್ನುತ್ತಾರಲ್ಲ, ಅದು ಚಕ್ರವಲ್ಲ, ಇಳಿಜಾರು.

ಮೈಸೂರು ಮೇಷ್ಟ್ರು: ಹಾಗಾದರೆ ಕೊಡುವುದೇ ತಪ್ಪೇ ಸರ್?

ಗಿರಣಿ ಎಂಜಿನಿಯರ್: ತಪ್ಪಲ್ಲ. ಕೊಟ್ಟು ಬಂದ ಸಂಜೆಯೇ "ಬೀರು ಖಾಲಿಯಾಯಿತು" ಎಂದು ಹೊಸದು ಕೊಳ್ಳಲು ಮೊಬೈಲ್ ತೆರೆಯುವುದು ತಪ್ಪು.

ಟೈಲರ್ ಮಗ: ಅಪ್ಪ ಹುಡುಗಿಯರ ಲಂಗಕ್ಕೆ ಅಂಚಿನಲ್ಲಿ ಮೂರು ಮಡಿಕೆ ಹಾಕಿ ಹೊಲಿಯುತ್ತಿದ್ದರು. ಮಗು ಬೆಳೆದಂತೆ ವರ್ಷಕ್ಕೊಂದು ಬಿಚ್ಚುವುದು. ಬಿಚ್ಚಿದ ಜಾಗದಲ್ಲಿ ಮಾಸದ ಬಣ್ಣದ ಪಟ್ಟಿಯೊಂದು ಹೊಸದಾಗಿ ಹೊಳೆಯುತ್ತಿತ್ತು. ಈಗಿನ ಸಿದ್ಧ ಉಡುಪಿನ ಒಳಗೆ ಕಾಲಿಂಚು ಬಟ್ಟೆಯನ್ನೂ ಬಿಟ್ಟಿರುವುದಿಲ್ಲ. ಸಡಿಲಿಸಿ ಎಂದರೆ ನಾನು ಎಲ್ಲಿಂದ ತರಲಿ? ಕೊಳ್ಳುವಾಗ ಒಮ್ಮೆ ಒಳಮೈ ತಿರುವಿ ನೋಡಿ.

ಬಳ್ಳಾರಿ ಹುಡುಗ: ಹಳೆಯ ಬಟ್ಟೆಗೆ ಬದಲಾಗಿ ಕೊಡಲು ಪಾತ್ರೆ ಹೊತ್ತು ಬರುತ್ತಿದ್ದ ಹೆಂಗಸನ್ನು ಎಲ್ಲರೂ ಮರೆತಿರಾ? ಆಕೆ ಬಟ್ಟೆಯನ್ನು ಬೆಳಕಿಗೆ ಹಿಡಿದು ತೂತು ಹುಡುಕುತ್ತಿದ್ದಳು. ಅಪ್ಪನ ಪ್ಯಾಂಟಿಗಿದ್ದ ಮರ್ಯಾದೆ ಅಮ್ಮನ ನೈಲಾನ್ ಸೀರೆಗೆ ಇರಲಿಲ್ಲ. ಒಂದು ಸ್ಟೀಲ್ ಡಬ್ಬಿಗಾಗಿ ಅಮ್ಮ ಅರ್ಧ ಗಂಟೆ ಜಗಳವಾಡಿ, ಕೊನೆಗೆ ಇಬ್ಬರೂ ಕೂತು ಚಹಾ ಕುಡಿಯುತ್ತಿದ್ದರು.

ಮಾರಾಟ ಪ್ರತಿನಿಧಿ: ಎಲ್ಲರೂ ಕೊಳ್ಳುವುದನ್ನು ನಿಲ್ಲಿಸಿದರೆ ನೇಕಾರರ ಹೊಟ್ಟೆಯ ಗತಿ?

ಇಳಕಲ್ಲಿನವನು: ನಮ್ಮ ಹೆಸರು ಹೇಳಿಕೊಂಡು ಟೀ ಶರ್ಟು ಕೊಳ್ಳಬೇಡಿ ಸ್ವಾಮಿ. ಇಳಕಲ್ ಸೀರೆಯ ಸೆರಗು ಮತ್ತು ಒಡಲಿನ ಹಾಸುಗಳನ್ನು, ಅಂದರೆ ಉದ್ದದ ಎಳೆಗಳನ್ನು, ಕುಣಿಕೆ ಕುಣಿಕೆಯಾಗಿ ಸೇರಿಸುತ್ತೇವೆ, ಅದಕ್ಕೆ ತೋಪು ತೆನಿ ಎನ್ನುತ್ತಾರೆ. ಅಷ್ಟು ಬಿಗಿಯಾಗಿ ನೇಯ್ದದ್ದನ್ನು ವರ್ಷದಲ್ಲಿ ಬಿಸಾಡುವ ಗಿರಾಕಿ ನಮಗೆ ಬೇಡ.

ಜಯನಗರದ ಗೃಹಿಣಿ: ಪಟ್ಟಿಗಳನ್ನೆಲ್ಲ ಓದಿದೆ. ಒಂದು ಚೀಲ ಒಗೆದು ಗೂಂಜ್‌ಗೆ. ಜಿಪ್ಪು ಹೋದ ಪ್ಯಾಂಟುಗಳು, ಹೊಲಿಗೆ ಬಿಟ್ಟ ಕುರ್ತಾಗಳು ಟೈಲರ್ ಬಳಿಗೆ. ಎಂಟನ್ನು ಮತ್ತೆ ತೊಡಬಹುದು. ಧಾರವಾಡದ ತಂಗಿ, ಕೌದಿಗೆ ಹತ್ತಿ ಸೀರೆ ಹುಡುಕಿದರೆ ಸಿಕ್ಕಿದ್ದು ಎರಡೇ. ಸಾಕೇ?

ಧಾರವಾಡದ ಸೊಸೆ: ಎರಡಕ್ಕೆ ತೊಟ್ಟಿಲ ಕೌದಿ ಆಗುತ್ತದೆ ಅಕ್ಕ. ದೊಡ್ಡದು ಬೇಕಿದ್ದರೆ ನಿಮ್ಮ ಅತ್ತೆಯವರ ಟ್ರಂಕು ತೆರೆಸಿ. ಆದರೆ ಕೇಳಿ ತೆರೆಸಿ.