ಕ್ಯಾಲ್ಸಿಯಂ ಕೊಟ್ಟರೂ ಬ್ರಾಯ್ಲರ್ ಮರಿ ಎದ್ದು ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ತಿಪಟೂರು ಕಡೆಯ ರೈತರು): ನಮಸ್ತೆ ಮೇಡಂ. ನಂದು 1500 ಮರಿಯ ಸಣ್ಣ ಶೆಡ್. ಕಂಪನಿ ಕಾಂಟ್ರಾಕ್ಟ್ ಬಿಟ್ಟ ಮೇಲೆ ಇದು ಎರಡನೇ ಬ್ಯಾಚ್, ಫೀಡ್ ನಾವೇ ಮಿಕ್ಸ್ ಮಾಡುತ್ತೇವೆ. ಇವತ್ತಿಗೆ 16 ದಿನ. ನಾಲ್ಕೈದು ದಿನದಿಂದ ಮರಿಗಳು ಮಂಡಿ ಮೇಲೆ ಕೂರುತ್ತಿವೆ. ಓಡಿಸಿದರೆ ಎರಡು ಹೆಜ್ಜೆ ಹಾಕಿ ಮತ್ತೆ ಕೂರುತ್ತವೆ. ನೂರಕ್ಕೆ ಹತ್ತಾದರೂ ಹೀಗಿವೆ. ನೀರಿಗೆ ಕ್ಯಾಲ್ಸಿಯಂ ಟಾನಿಕ್ ಹಾಕಿದೆ. 100 ಕೆಜಿ ಫೀಡ್‌ಗೆ 2 ಕೆಜಿ ಚಿಪ್ಪು ಪುಡಿನೂ ಸೇರಿಸಿದೆ. ಕಡಿಮೆ ಆಗೋದು ಬಿಟ್ಟು ಜಾಸ್ತಿ ಆಗಿದೆ.

ಪಶುವೈದ್ಯೆ: ಮೊದಲು ಚಿಪ್ಪು ಪುಡಿ ನಿಲ್ಲಿಸಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಏಳಲಾರದ ಮರಿಯ ಕೊಕ್ಕು ಹಿಡಿದು ಮೆಲ್ಲಗೆ ಬಗ್ಗಿಸಿ ನೋಡಿ. ಇವತ್ತು ಸತ್ತ ಮರಿ ಇದ್ದರೆ ಲೆಗ್‌ಪೀಸ್ ಮೂಳೆ ತೆಗೆದು ಮುರಿಯಿರಿ. ಒಳ್ಳೆ ಮೂಳೆ ಟಪ್ ಅಂತ ಮುರಿಯುತ್ತದೆ. ಪಕ್ಕೆಲುಬು ಬೆನ್ನುಮೂಳೆಗೆ ಸೇರುವಲ್ಲಿ, ಒಳಗಡೆ, ಮಣಿ ಪೋಣಿಸಿದ ಹಾಗೆ ಗಂಟು ಇವೆಯಾ ಅಂತಲೂ ನೋಡಿ.

ರೈತರು: ಕೊಕ್ಕು ರಬ್ಬರ್ ಥರ ಬಾಗುತ್ತಿದೆ ಮೇಡಂ. ಮೂಳೆ ಮುರಿಯಲೇ ಇಲ್ಲ, ಹಸಿ ಕಡ್ಡಿ ಹಾಗೆ ಬಗ್ಗಿತು. ಗಂಟುಗಳೂ ಇವೆ.

ಪಶುವೈದ್ಯೆ: ಹಾಗಾದರೆ ಇದು ರಿಕೆಟ್ಸ್ ಅಂತಲೇ ಹಿಡಿಯೋಣ. ಮೂಳೆ ಬೆಳೆಯುತ್ತಿದೆ, ಗಟ್ಟಿ ಆಗುತ್ತಿಲ್ಲ. ಕ್ಯಾಲ್ಸಿಯಂ ಹೊಟ್ಟೆಗೆ ಹಾಕಿದರೆ ಸಾಲದು, ಅದು ಕರುಳು ದಾಟಿ ರಕ್ತಕ್ಕೆ ಸೇರಬೇಕಲ್ಲ. ಅದನ್ನು ದಾಟಿಸೋದು ವಿಟಮಿನ್ ಡಿ3. ಅದೂ ನೇರವಾಗಿ ಕೆಲಸ ಮಾಡುವುದಿಲ್ಲ. ಲಿವರ್‌ನಲ್ಲಿ ಒಮ್ಮೆ, ಕಿಡ್ನಿಯಲ್ಲಿ ಇನ್ನೊಮ್ಮೆ ಬದಲಾದ ಮೇಲೆಯೇ ಕರುಳಿನಲ್ಲಿ ಕೆಲಸ ಶುರು.

ಈಗ ಚಿಪ್ಪು ಪುಡಿ ಲೆಕ್ಕ. ಸ್ಟಾರ್ಟರ್ ಫೀಡ್‌ನಲ್ಲಿ (ಮರಿಗಳ ಮೊದಲ ದಿನಗಳ ಫೀಡ್) ಕ್ಯಾಲ್ಸಿಯಂ ಸುಮಾರು ಶೇ. 0.95, ಕೋಳಿಗೆ ದಕ್ಕುವ ರಂಜಕ (ಫಾಸ್ಫರಸ್) ಸುಮಾರು ಶೇ. 0.48 ಇರಬೇಕು. ಅಂದರೆ ಎರಡಕ್ಕೆ ಒಂದು. ಚಿಪ್ಪಿನಲ್ಲಿ ಕ್ಯಾಲ್ಸಿಯಂ ಹೆಚ್ಚು ಕಡಿಮೆ ಶೇ. 38. ನೀವು 2 ಕೆಜಿ ಹಾಕಿದಾಗ ಫೀಡ್‌ನ ಕ್ಯಾಲ್ಸಿಯಂ ಶೇ. 1.7ರ ಹತ್ತಿರ ಹೋಯಿತು, ರಂಜಕ ಇದ್ದಲ್ಲೇ ಇದೆ. ಜಾಸ್ತಿಯಾದ ಕ್ಯಾಲ್ಸಿಯಂ ಕರುಳಲ್ಲೇ ರಂಜಕವನ್ನು ಕಟ್ಟಿಹಾಕುತ್ತದೆ. ಮೂಳೆಗೆ ಎರಡೂ ಬೇಕು. ಮೊಟ್ಟೆ ಕೋಳಿಗೆ ಚಿಪ್ಪು ಪುಡಿ ಹಾಕುವ ಉಪಾಯ ಬ್ರಾಯ್ಲರ್ ಮರಿಗೆ ಆಗಲ್ಲ.

ಪ್ರೀಮಿಕ್ಸ್, ಅಂದರೆ ಫೀಡ್‌ಗೆ ಬೆರೆಸುವ ವಿಟಮಿನ್ ಪುಡಿ, ಎಲ್ಲಿಟ್ಟಿದ್ದೀರಿ? ಯಾವಾಗ ತೆರೆದದ್ದು?

ರೈತರು: ಶಿವರಾತ್ರಿ ಟೈಮಲ್ಲಿ ತೆರೆದ ಚೀಲ. ಹೋದ ಬ್ಯಾಚಲ್ಲಿ ಉಳಿದಿತ್ತು. ಖನಿಜ ಮಿಶ್ರಣ, ಕೋಲಿನ್ ಎಲ್ಲ ಅದಕ್ಕೇ ಬೆರೆಸಿ ಇಟ್ಟಿದ್ದೆ, ಕೈಗೆ ಸುಲಭ ಅಂತ. ಶೆಡ್ ಪಕ್ಕದ ತಗಡಿನ ರೂಮಲ್ಲಿ.

ಪಶುವೈದ್ಯೆ: ನನ್ನ ಅನುಮಾನ ಪೂರ್ತಿ ಆ ಚೀಲದ ಮೇಲೆ. ಬೇಸಿಗೆಯ ತಗಡಿನ ರೂಮು, ಗಾಳಿಯ ತೇವ, ಜೊತೆಗೆ ಕೋಲಿನ್ ಕ್ಲೋರೈಡ್, ಖನಿಜ ಮಿಶ್ರಣದ ತಾಮ್ರ, ಕಬ್ಬಿಣ. ವಿಟಮಿನ್‌ಗೆ ಇದಕ್ಕಿಂತ ಕೆಟ್ಟ ಸಹವಾಸ ಇಲ್ಲ. ನೋಡಲು ಪುಡಿ ಹಾಗೇ ಇರುತ್ತದೆ, ಒಳಗಿನ ಸತ್ವ ಹೋಗಿರುತ್ತದೆ.

ಡಿ3 ಪ್ರಮಾಣವೂ ತೀರಾ ಸಣ್ಣದು. ಈಗಿನ ತಳಿಗಳಿಗೆ ಸ್ಟಾರ್ಟರ್‌ನಲ್ಲಿ ಕೆಜಿಗೆ 5000 ಯೂನಿಟ್ ಅಂತ ಲೆಕ್ಕ. ಒಂದು ಟನ್ ಫೀಡ್‌ಗೆ ಶುದ್ಧ ಡಿ3 ಬರೀ 125 ಮಿಲಿಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ! ಗ್ರಾಂಗೆ 5 ಲಕ್ಷ ಯೂನಿಟ್ ಇರುವ ಪುಡಿಯಾದರೆ 10 ಗ್ರಾಂ. ನೆಲದ ಮೇಲೆ ಸಲಿಕೆಯಲ್ಲಿ ಮಿಕ್ಸ್ ಮಾಡಿದರೆ ಒಂದು ಮರಿಗೆ ಎರಡು ಪಾಲು, ಇನ್ನೊಂದಕ್ಕೆ ಏನೂ ಇಲ್ಲ. ಮೊದಲು ಒಂದು ಕೆಜಿ ಜೋಳದ ಹಿಟ್ಟಿಗೆ, ಆಮೇಲೆ ಹತ್ತು ಕೆಜಿಗೆ, ಹಾಗೆ ಹಂತ ಹಂತವಾಗಿ ಬೆರೆಸಿ.

ಇವತ್ತೇ ಮಾಡಬೇಕಾದ್ದು: ಹೊಸ ಪ್ರೀಮಿಕ್ಸ್ ತಂದು ಚಿಪ್ಪು ಪುಡಿ ಇಲ್ಲದ ಹೊಸ ಫೀಡ್ ಮಾಡಿ. ನೀರಲ್ಲಿ ಕರಗುವ ಡಿ3 ತಂದು, ಎಂದಿನ ಪ್ರಮಾಣದ ಮೂರು ಪಟ್ಟು ಸಿಗುವ ಹಾಗೆ ಎರಡು ವಾರ ಕೊಡಿ. ಬಾಟಲಿ ಮೇಲೆ ಡಿ3 ಅಂತಲೇ ಇರಲಿ. ಡಿ2 ಮನುಷ್ಯರಿಗೆ ನಡೆಯುತ್ತದೆ, ಕೋಳಿಗೆ ಅದು ಹತ್ತುವುದು ತೀರಾ ಕಡಿಮೆ. ಅಳತೆಯನ್ನು ನಿಮ್ಮೂರಿನ ಪಶುವೈದ್ಯರಿಗೆ ತೋರಿಸಿಯೇ ಹಾಕಿ. ರಂಜಕಕ್ಕಾಗಿ ಫೀಡ್‌ಗೆ ಹಾಕುವ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಮೇಲೂ ಒಂದು ಕಣ್ಣಿಡಿ. ಅಗ್ಗದ ಡಿಸಿಪಿಯಲ್ಲಿ ರಂಜಕಕ್ಕಿಂತ ಸುಣ್ಣವೇ ಜಾಸ್ತಿ ಇರುವುದುಂಟು. ಡಿ ಕೊರತೆಯೋ ರಂಜಕದ ಕೊರತೆಯೋ ಬರಿಗಣ್ಣಿಗೆ ಗೊತ್ತಾಗಲ್ಲ. ಒಂದೆರಡು ಮರಿ, ಅರ್ಧ ಕೆಜಿ ಫೀಡ್ ಲ್ಯಾಬಿಗೆ ಹೋಗಲಿ. ಬೆಂಗಳೂರಿನ ಹೆಬ್ಬಾಳದ ಲ್ಯಾಬ್ ನಿಮಗೆ ದೂರ ಅನ್ನಿಸಿದರೆ ಹಾಸನದ ವೆಟರ್ನರಿ ಕಾಲೇಜಿದೆ.

ಗುಂಪಿನ ಇನ್ನೊಬ್ಬ ಸದಸ್ಯರು: ನಮ್ಮಪ್ಪ ಅಂತಾರೆ, ನಾಟಿ ಕೋಳಿಗೆ ಯಾವತ್ತಾದರೂ ಈ ರೋಗ ಬಂದದ್ದುಂಟಾ, ಬಿಸಿಲಿಗೆ ಬಿಡ್ರೋ ಅಂತ. ಶೆಡ್‌ನ ಪರದೆ ಎತ್ತಿದರೆ ಆಗಲ್ವಾ?

ಪಶುವೈದ್ಯೆ: ನಿಮ್ಮಪ್ಪನ ಮಾತು ನಿಜ. 1920ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಒಳಗೇ ಸಾಕಿದ ಮರಿಗಳ ಕಾಲು ಹೋಗುತ್ತಿತ್ತು. ಬಿಸಿಲು ಇಲ್ಲವೇ ಮೀನೆಣ್ಣೆ ಕೊಟ್ಟರೆ ಸರಿಹೋಗುತ್ತದೆ ಅಂತ ಆಗಲೇ ಕಂಡುಕೊಂಡರು. ಕೋಳಿ ಡಿ3 ಮಾಡಿಕೊಳ್ಳುವುದು ಮುಖ್ಯವಾಗಿ ಪುಕ್ಕ ಇಲ್ಲದ ಕಾಲಿನ ಚರ್ಮದಲ್ಲಿ. ಆದರೆ ನಿಮ್ಮ ಪರದೆ ಎತ್ತಿದರೆ ಅಂಚಿನ ನಾಲ್ಕು ಮರಿಗೆ ಬಿಸಿಲು ಬೀಳಬಹುದು, ಅಷ್ಟೇ. ಮಧ್ಯಾಹ್ನದ ಬಿಸಿಲಿಗೆ ಬ್ರಾಯ್ಲರ್ ಬಿಟ್ಟರೆ ಕಾಲಿಗಿಂತ ಮೊದಲು ಜೀವ ಹೋಗುತ್ತದೆ.

ಮತ್ತೊಬ್ಬರು (ಕಾಂಟ್ರಾಕ್ಟ್ ಫಾರ್ಮ್): ನಮ್ಮದು 32 ದಿನ. ಚೆನ್ನಾಗಿದ್ದ ದಪ್ಪ ಕೋಳಿಗಳು ಇದ್ದಕ್ಕಿದ್ದ ಹಾಗೆ ಒಂದು ಕಾಲು ಎಳೆಯುತ್ತಿವೆ. ಕೊಕ್ಕು ಗಟ್ಟಿ ಇದೆ. 25-ಹೈಡ್ರಾಕ್ಸಿ ಡಿ ಅಂತ ದುಬಾರಿದು ಬರುತ್ತದಲ್ಲ, ಹಾಕಿಸಲಾ?

ಪಶುವೈದ್ಯೆ: ನಿಮ್ಮದು ಬೇರೆ ಕಥೆ. ತೊಡೆ ಮೂಳೆಯ ತಲೆ ತೆಗೆದು ನೋಡಿಸಿ. ಕೊಳೆತು ಪುಡಿಯಾಗುತ್ತಿದ್ದರೆ ಬ್ಯಾಕ್ಟೀರಿಯಾ ಹೊಕ್ಕಿದೆ, ವಿಟಮಿನ್ ಹಾಕಿ ಗೆಲ್ಲಲಾಗದು. ಲೆಗ್‌ಪೀಸ್ ಮೂಳೆಯ ಮೇಲ್ತುದಿ ಸೀಳಿದಾಗ ಬಿಳಿ ಮೆದುಮೂಳೆಯ ಗಡ್ಡೆ ಕಂಡರೆ ಅದು ಇನ್ನೊಂದು ತೊಂದರೆ. ಅದನ್ನು ತಡೆಯಲು 25-ಹೈಡ್ರಾಕ್ಸಿ ಡಿ ನೆರವಾಗುತ್ತದೆ, ಆದರೆ ಮೊದಲ ದಿನದಿಂದ ಕೊಟ್ಟರೆ ಮಾತ್ರ. ಅದು ಲಿವರ್‌ನ ಕೆಲಸ ಮುಗಿಸಿಕೊಂಡೇ ಬಂದ ಡಿ, ಕರುಳಿಗೂ ಸುಲಭವಾಗಿ ಹತ್ತುತ್ತದೆ. ಬೂಷ್ಟು ಹಿಡಿದ ಜೋಳ ತಿಂದು ಲಿವರ್ ಕೆಟ್ಟ ಕಡೆ ಖರ್ಚಿಗೆ ತಕ್ಕ ಫಲ ಇದೆ. 32ನೇ ದಿನ ಶುರು ಮಾಡಿದರೆ ದುಡ್ಡು ದಂಡ.

ರೈತರು (11 ದಿನದ ನಂತರ): ಮೇಡಂ, ಹೆಚ್ಚಿನವು ಈಗ ಫೀಡರ್ ತನಕ ನಡೆಯುತ್ತಿವೆ. ಕೊಕ್ಕು ಗಟ್ಟಿಯಾಗಿದೆ. ಸುಮಾರು 40 ಮರಿಗಳ ಕಾಲು ಮಾತ್ರ ಸೊಟ್ಟಗೇ ಇದೆ. ಡಿ3 ಇನ್ನೊಂದು ವಾರ ಮುಂದುವರಿಸಲಾ?

ಪಶುವೈದ್ಯೆ: ಬೇಡ. ಇನ್ನು ಮೂರು ದಿನಕ್ಕೆ ಎರಡು ವಾರ ಆಗುತ್ತದೆ, ನಿಲ್ಲಿಸಿ. ಡಿ ಮಿತಿಮೀರಿದರೆ ಕಿಡ್ನಿಯಲ್ಲಿ ಸುಣ್ಣ ಕಟ್ಟುತ್ತದೆ. ಸೊಟ್ಟಗಾದ ಕಾಲು ಇನ್ನು ನೆಟ್ಟಗಾಗಲ್ಲ. ನಡೆದು ತಿನ್ನುವಂಥವನ್ನು ಬೇರೆ ಮಾಡಿ, ಡ್ರಿಂಕರ್ ತಗ್ಗಿಸಿಕೊಟ್ಟು, ಸಿಕ್ಕ ತೂಕಕ್ಕೆ ಬೇಗ ಮಾರಿ. ಏಳಲೇ ಆಗದವನ್ನು ನರಳಲು ಬಿಡಬೇಡಿ. ಆ ಹಳೇ ಚೀಲ ಇನ್ನೂ ಇದೆಯಾ?

ರೈತರು: ತಿಪ್ಪೆಗೆ ಹೋಯ್ತು ಮೇಡಂ.