ಅಜ್ಜನ ಕ್ಯಾಲೆಂಡರಿನ ಪೆನ್ಸಿಲ್ ಅಂಕಿ

ಪುಟ್ಟೀ, ನೀನು ಬೆಳಿಗ್ಗೆ ಗ್ರೂಪಿಗೆ ಹಾಕಿದ ಫೋಟೋ ಈಗ ನೋಡ್ದೆ ಕಣೆ. ಅಟ್ಟ ಗುಡಿಸುವಾಗ ಅಜ್ಜನ ಹಳೇ ಕ್ಯಾಲೆಂಡರ್ ಕಂತೆ ಸಿಕ್ತು, ಒಂದೊಂದು ತಾರೀಖಿನ ಕೆಳಗೂ ಪೆನ್ಸಿಲಲ್ಲಿ 1782, 1790 ಅಂತೆಲ್ಲ ಇದೆ, ಇದೇನು ಹಾಲಿನ ಲೆಕ್ಕವಾ ಅಂತ ಕೇಳಿದ್ದೀಯಲ್ಲ. ಮೊದಲು ನಗು ಬಂತು. ಆಮೇಲೆ ಟೈಪ್ ಮಾಡಕ್ಕೆ ಹೋದ್ರೆ ಕಣ್ಣು ಕಾಣ್ಲಿಲ್ಲ. ಅದಕ್ಕೇ ವಾಯ್ಸ್ ಹಾಕ್ತಿದ್ದೀನಿ. ಉದ್ದ ಆಗುತ್ತೆ, ಅಣ್ಣ, ನೀನು ಬೈಬೇಡ.

ಅದು ಡ್ಯಾಮಿನ ನೀರಿನ ಮಟ್ಟ ಕಣೆ, ಲಿಂಗನಮಕ್ಕಿದು. ಸಮುದ್ರ ಮಟ್ಟದಿಂದ ಅಡಿ ಲೆಕ್ಕ. 1819 ಆಯ್ತು ಅಂದ್ರೆ ಪೂರ್ತಿ ತುಂಬ್ತು ಅಂತ. ಪೇಪರ್ ಬಂದ ಕೂಡ್ಲೆ ಕೆಲವರು ರಾಶಿಫಲ ನೋಡ್ತಾರೆ, ನಮ್ಮ ಅಪ್ಪಯ್ಯ, ಅಂದ್ರೆ ನಿಮ್ಮಜ್ಜ, ಇದನ್ನ ನೋಡ್ತಿದ್ರು. ನೋಡಿ, ಗೋಡೆ ಹತ್ರ ಹೋಗಿ ಬರೆದು, ಪೆನ್ಸಿಲನ್ನ ಮತ್ತೆ ಕಿವಿ ಮೇಲೆ ಸಿಕ್ಕಿಸ್ಕೊಳ್ಳೋದು. 1964ರಲ್ಲಿ ಶರಾವತಿಗೆ ಆ ಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಅವರಿಗೆ 16 ವರ್ಷ. ಮನೆ, ತೋಟ, ಅವರೇ ನೆಟ್ಟಿದ್ದ ಒಂದು ಹಲಸಿನ ಸಸಿ, ಎಲ್ಲ ಒಳಗೆ ಹೋಯ್ತು. ಸುಮಾರು ಜನರನ್ನ ಲಾರಿಗೆ ತುಂಬ್ಕೊಂಡು ಎಲ್ಲೆಲ್ಲೋ ಇಳಿಸಿದ್ರು. ನಮ್ಮೋರು ಮಾತ್ರ ತುಮರಿ ಕಡೆ ಗುಡ್ಡ ಹತ್ತಿ ಉಳ್ಕೊಂಡ್ರು. ನಾಡಿಗೆಲ್ಲ ಕರೆಂಟು ಕೊಟ್ಟ ಆ ನೀರಿನ ದಡದಲ್ಲೇ ಕೂತು ನಾನು ಬುಡ್ಡಿ ದೀಪದಲ್ಲಿ ಮಗ್ಗಿ ಬರೆದಿದ್ದೀನಿ. ಜಾಗದ ಕಾಗದಕ್ಕೆ ಅಪ್ಪಯ್ಯ ಕಚೇರಿ ಅಲೆದಿದ್ದು ಬಿಡು, ಅದು ಹೇಳ್ತಾ ಕೂತ್ರೆ ಸಿಟ್ಟೇ ಬರುತ್ತೆ.

ಡ್ಯಾಮ್ ತುಂಬಿ ಗೇಟ್ ತೆಗೆದ್ರು ಅಂದ್ರೆ ಊರಿಗೆ ಊರೇ ಜೋಗ ನೋಡಕ್ಕೆ ಓಡ್ತಿತ್ತು. ಅಪ್ಪಯ್ಯ ಅವತ್ತು ಕೊಟ್ಟಿಗೆಯಲ್ಲಿ ಏನಾದ್ರೂ ಕೆಲಸ ಹುಡುಕ್ಕೊಳ್ತಿದ್ರು. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಮಾತ್ರ ಗೆಲುವಾಗ್ತಿದ್ರು. ನಿನ್ನ ಅಣ್ಣನ್ನ ಹೆಗಲ ಮೇಲೆ ಕೂರಿಸ್ಕೊಂಡು, ನೀರು ಇಳಿದಾಗ ಮೇಲೆ ಕಾಣೋ ಮಡೆನೂರಿನ ಹಳೇ ಡ್ಯಾಮ್ ತೋರಿಸಿ, ಒಡೆದ ಕೆಸರಲ್ಲಿ ನಡೆಸ್ಕೊಂಡು ಹೋಗಿ "ಇಲ್ಲಿ ನಿಲ್ಲು, ಇದು ನಮ್ಮ ಅಡುಗೆಮನೆ" ಅಂತಿದ್ರಂತೆ. ಅವನು "ಅಜ್ಜಾ, ದೋಸೆ ಎಲ್ಲಿ" ಅಂದಿದ್ದನ್ನ ಸಾಯೋವರೆಗೂ ಹೇಳ್ಕೊಂಡು ನಕ್ಕಿದ್ದಾರೆ.

ಮೊಮ್ಮಕ್ಕಳ ವಿಷಯದಲ್ಲಿ ಅವರು ಬೇರೆ ಮನುಷ್ಯನೇ, ಅದಂತೂ ಹೌದು. ನಾವು ಮೈಲುತುತ್ತದ ಡ್ರಮ್ಮಿನ ಹತ್ರ ಸುಳಿದ್ರೆ ಬೆತ್ತ ತಗೀತಿದ್ರು. ಅದೇ ನಿಮಗೆ ಅಡಿಕೆಗೆ ಕೊಳೆರೋಗ ಬರದ ಹಾಗೆ ಹೊಡೆಯೋ ಬೋರ್ಡೋ ದ್ರಾವಣ ಮಾಡೋದನ್ನ ಆಟದ ಹಾಗೆ ಕಲಿಸಿದ್ರು. ಒಂದು ಕೇಜಿ ತುತ್ತ, ಒಂದು ಕೇಜಿ ಸುಣ್ಣ, 100 ಲೀಟರ್ ನೀರು. ಕತ್ತಿ ಅದ್ದಿ ತೆಗೆದಾಗ ಅಲಗಿಗೆ ತಾಮ್ರದ ಕೆಂಪು ಹತ್ತಿದ್ರೆ ಸುಣ್ಣ ಸಾಲ್ದು. ಆ ಕತ್ತಿ ಅದ್ದೋ ಕೆಲಸಕ್ಕೆ ನೀವಿಬ್ರೂ ಹೊಡೆದಾಡ್ತಿದ್ರಿ, ನೆನಪಿದ್ಯಾ? ನನಗೆ ಹೊಟ್ಟೆಕಿಚ್ಚು ಆಗ್ತಿತ್ತು, ಈಗ ಹೇಳಕ್ಕೇನು.

ಫೋಟೋ ದೊಡ್ಡದು ಮಾಡಿ ನೋಡು. ಕೆಲವು ಅಂಕಿ ಪಕ್ಕ ಸಣ್ಣಕ್ಕೆ "ಸಾ" ಅಂತಿದೆ. ಅದು ಸಾಗರ. ನಾನು ಸಾಗರದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಹೈಸ್ಕೂಲು ಓದಿದ್ನಲ್ಲ, ಶನಿವಾರ ಶನಿವಾರ ಬರ್ತಿದ್ರು. ಕಳಸವಳ್ಳಿಯಲ್ಲಿ ಹಿನ್ನೀರು ದಾಟಿಸೋ ಲಾಂಚ್ ಹತ್ತಿ, ಅಂಬಾರಗೋಡ್ಲಲ್ಲಿ ಇಳಿದು, ಬಸ್ಸು ಹಿಡಿದು ಬಂದು, ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ ಕೈಗಿಟ್ಟು, "ಉಣ್ತೀಯಾ ಸರಿಯಾಗಿ" ಅಂತ ಕೇಳಿ, ಅರ್ಧ ಗಂಟೆಗೆಲ್ಲ ಎದ್ದುಬಿಡೋರು. ಕಡೇ ಲಾಂಚ್ ತಪ್ಪಿದ್ರೆ ರಾತ್ರಿಯೆಲ್ಲ ಈಚೆ ದಡವೇ ಗತಿ. ನಿನ್ನಮ್ಮನ ಬಾಣಂತನದಲ್ಲೂ ಹಾಗೇ ಅಲ್ವಾ ಅತ್ತಿಗೆ, ನೀವು ತವರಲ್ಲಿದ್ದಾಗ ಪುಟ್ಟಿ ಮುಖ ನೋಡಕ್ಕೆ ಅಂತ ಆ ಜಡಿಮಳೆಯಲ್ಲಿ ಬಂದು, ಒದ್ದೆ ಕೈ ಅಂತ ಮುಟ್ಟದೇ ವಾಪಸ್ ಹೋಗಿದ್ರು.

ಮೊನ್ನೆ ವರ್ಷಾಂತಿಕಕ್ಕೆ ನಾವು ಲಾಂಚ್ ಓಡ್ತಿದ್ದ ಕಡೆ ಕಟ್ಟಿರೋ ಸೇತುವೆ ಮೇಲೆ ಬಂದ್ವಿ. ಎರಡೂವರೆ ಕಿಲೋಮೀಟರ್ ಹತ್ರ ಇದೆ, ಕಾರಲ್ಲಿ ಒಂದು ಹಾಡು ಮುಗಿಯೋದ್ರೊಳಗೆ ದಾಟಿಬಿಡುತ್ತೆ. 2025ರ ಜುಲೈನಲ್ಲಿ ಅದು ಶುರುವಾಗೋ ಹೊತ್ತಿಗೆ ಅವರಿರಲಿಲ್ಲ. ಇವರು ನಡುವೆ ಕಾರು ನಿಲ್ಲಿಸ್ಲಾ ಅಂದ್ರು. ಬೇಡ ಅಂದೆ.

ಅಣ್ಣ, ಆ ಕಂತೆನ ರದ್ದಿಗೆ ಹಾಕಬೇಡ. 1991ರ ಕ್ಯಾಲೆಂಡರ್ ಅದರಲ್ಲಿದ್ರೆ ನನಗೆ ಬೇಕು. ಅವತ್ತು ಆಷಾಢದಲ್ಲಿ ಒಂದು ಶನಿವಾರ ಅಪ್ಪಯ್ಯ ಬರಲೇ ಇಲ್ಲ. ಗಾಳಿಗೆ ಲಾಂಚ್ ಬಿಟ್ಟಿಲ್ಲ ಅಂದ್ರು, ನಾನು ನಂಬದೇ ಮುಂದಿನ ವಾರ ಡಬ್ಬಿ ಮುಟ್ಲಿಲ್ಲ, ಮಾತೂ ಆಡ್ಲಿಲ್ಲ. ಪುಟ್ಟೀ, ಜುಲೈ ಹಾಳೆ ತೆಗೆದು ಶನಿವಾರಗಳನ್ನ ನೋಡಿ ಒಂದು ಫೋಟೋ ಹಾಕು. ಆ ದಿನದ ಕೆಳಗೆ ಏನು ಬರೆದಿದ್ದಾರೋ.